ಮೋರಿ ಬಾಯಿಗೆ ಗಟ್ಟಿ ಡಿಕಾಕ್ಷನ್

ಫಿಲ್ಟರ್ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ. ಹಲಸೂರಿನ ನಮ್ಮ ಬೀದಿಯಲ್ಲಿ ಯಾರ ಮನೆಗೆ ನೆಂಟರು ಬಂದರೂ, ಗೃಹಪ್ರವೇಶವಾದರೂ, ನಾಮಕರಣವಾದರೂ, 'ಗಿರಿಜಕ್ಕ, ಒಂಚೂರು ಡಿಕಾಕ್ಷನ್ ಹಾಕ್ಕೊಡ್ತೀರಾ' ಎಂದು ಪಾತ್ರೆ ಹಿಡಿದು ನಮ್ಮ ಮೆಟ್ಟಿಲು ಹತ್ತುವುದು ಪದ್ಧತಿ. ನನ್ನ ಡಿಕಾಕ್ಷನ್ನಿನ ಬಣ್ಣ ಒಮ್ಮೆ ಲೋಟಕ್ಕೆ ಹತ್ತಿದರೆ ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗುವುದಿಲ್ಲವೆಂದು ಜನ ಹೇಳುತ್ತಾರೆ. ನಾನು ಅದನ್ನು ಎಂದೂ ಅಲ್ಲಗಳೆದಿಲ್ಲ. ಇದರ ಗುಟ್ಟು ಒಂದೇ, ಒತ್ತುವುದು. ಮೇಲಿನ ಪಾತ್ರೆಗೆ ಪುಡಿ ಹಾಕಿ, ಆ ತೂತಿನ ಬಿಲ್ಲೆಯನ್ನು ಮೇಲಿಟ್ಟು, ಹಳೇ ಸಿಟ್ಟನ್ನೆಲ್ಲ ನೆನಪಿಸಿಕೊಂಡು ಒತ್ತಬೇಕು. ಆಮೇಲೆ ನೀರು ಸುರಿದರೆ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಹೀಗಿರುವಾಗ ಒಂದು ಬೀದಿಯ ಮೋರಿಗೆ ಫಿಲ್ಟರ್ ಮಾಡಿಸುವುದು ನನಗೆ ಯಾವ ದೊಡ್ಡ ಕೆಲಸ?

ಎಲ್ಲ ಶುರುವಾದದ್ದು ಕೆರೆಯ ಹತ್ತಿರ. ನಾನೂ ಎದುರು ಮನೆಯ ಫರ್ಜಾನಾಳೂ ದಿನಾ ಬೆಳಿಗ್ಗೆ ಅತ್ತ ಕಡೆ ವಾಕಿಂಗ್ ಹೋಗುತ್ತೇವೆ. ಡಾಕ್ಟರು ಬಿರುಸಾಗಿ ನಡೆಯಿರಿ ಎಂದಿದ್ದಾರೆ; ನಾವು ಬಿರುಸಾಗಿ ಮಾತಾಡುತ್ತೇವೆ. ಹಿಂದಿನ ದಿನ ಜೋರು ಮಳೆಯಾಗಿತ್ತು. ಬೀದಿಗಳ ಮಳೆನೀರು ಬಂದು ಬೀಳುವ ಮೂಲೆಯಲ್ಲಿ ನೀರಿನ ಮೇಲೆ ಎಣ್ಣೆ ಬಣ್ಣಬಣ್ಣವಾಗಿ ಹರಡಿಕೊಂಡಿತ್ತು. ಹಾಲಿನ ಕವರು, ಚಿಪ್ಸ್ ಕವರು, ಒಂಟಿ ಚಪ್ಪಲಿ, ಇನ್ನೇನೋ ಕರ್ರಗಿನ ರಾಡಿ. ಬಿಳಿ ಕೊಕ್ಕರೆಯೊಂದು ಕೆಂಪು ಕವರೊಂದನ್ನು ಮೀನೆಂದುಕೊಂಡು ಎಳೆದಾಡುತ್ತಿತ್ತು. ನನ್ನ ಕರುಳು ಚುರುಕ್ಕೆಂದಿತು.

"ಯಾರ್ರೀ ಇಂಥ ಜನ! ಕವರನ್ನ ಬೀದೀಲಿ ಬಿಸಾಕೋರು!" ಎಂದು ಕೂಗಿದೆ.

ಫರ್ಜಾನಾ ಕಣ್ಣು ಕಿರಿದು ಮಾಡಿ ನೋಡಿದಳು. "ಅಕ್ಕಾ, ಆ ಕೆಂಪು ಕವರು... ನಿಮ್ಮ ಕಾಫಿಪುಡಿ ಅಂಗಡೀದಲ್ವಾ?"

ನಮ್ಮ ಬೀದಿಯಲ್ಲಿ ಆ ಅಂಗಡಿಯಿಂದ ಪುಡಿ ತರುವವಳು ನಾನೊಬ್ಬಳೇ.

"ಗಾಳಿಗೆ ಹಾರಿರತ್ತೆ" ಎಂದೆ.

"ಹೌ ಹೌ, ಗಾಳಿ" ಎಂದಳು ಫರ್ಜಾನಾ. ಒಳ್ಳೆಯ ಗೆಳತಿ.

ಮನೆಗೆ ಬಂದವಳೇ ಮೊಬೈಲು ತೆಗೆದೆ. ಯಾವುದೋ ದೂರದೇಶದ ವಿಡಿಯೋ ಸಿಕ್ಕಿತು. ಅಲ್ಲಿ ರಸ್ತೆ ಬದಿಯ ಮೋರಿ ಬಾಯಿಯ ಜಾಲರಿಯನ್ನು ಎತ್ತಿ, ಒಳಗೆ ತೂತುತೂತಿನ ಬುಟ್ಟಿ ಇಳಿಬಿಡುತ್ತಾರೆ. ಅದರೊಳಗೆ ಜಲ್ಲಿ, ಮರಳು, ಇದ್ದಿಲು. ಬೀದಿಯ ಕೊಳೆನೀರು ಮೇಲಿನಿಂದ ಬಿದ್ದರೆ ಕಸ ಮೇಲೇ ನಿಲ್ಲುತ್ತದೆ, ಎಣ್ಣೆಯನ್ನು ಇದ್ದಿಲು ಹಿಡಿದುಕೊಳ್ಳುತ್ತದೆ, ಕೆಳಗೆ ತಿಳಿನೀರು! ನಾನು ಕುರ್ಚಿಯಿಂದ ಎದ್ದುನಿಂತೆ. ಅಯ್ಯೋ, ಇದು ನಮ್ಮ ಕಾಫಿ ಫಿಲ್ಟರ್! ವಿಡಿಯೋ ಇನ್ನೂ ಅರ್ಧ ಬಾಕಿಯಿತ್ತು. ಗೊತ್ತಿರುವ ವಿದ್ಯೆಯನ್ನು ಪೂರ್ತಿ ನೋಡುವುದೇಕೆ ಎಂದು ಅಲ್ಲಿಗೇ ನಿಲ್ಲಿಸಿದೆ. ಆ ಉಳಿದರ್ಧದಲ್ಲಿ ಏನಿತ್ತೆಂಬುದು ಆಮೇಲೆ ಇಡೀ ಬೀದಿಗೆ ಗೊತ್ತಾಯಿತು.

ನಮ್ಮ ಯಜಮಾನರು ಬಸ್ ಡ್ರೈವರಾಗಿ ರಿಟೈರಾದವರು. ಡ್ರೈವರ್ ಜೊತೆ ಮಾತಾಡಬಾರದು ಎಂಬ ಬೋರ್ಡು ಮನೆಯಲ್ಲೂ ತೂಗುತ್ತಿದೆ ಎಂದೇ ಅವರು ನಂಬಿದ್ದಾರೆ. ನಾನು ಉತ್ಸಾಹದಿಂದ ವಿವರಿಸುತ್ತಿದ್ದರೆ ಪೇಪರಿನ ಹಿಂದಿನಿಂದ ಒಂದೇ ಮಾತು ಬಂತು.

"ಜೋರು ಮಳೆ ಬಂದ್ರೆ?"

"ಜೋರಾಗಿ ಫಿಲ್ಟರ್ ಆಗತ್ತೆ!" ಎಂದೆ.

ಪೇಪರು ಅಲುಗಲಿಲ್ಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಅದೇ ತಿಂಗಳು ಫರ್ಜಾನಾಳ ಮಗಳು ರೇಷ್ಮಾಳ ನಿಶ್ಚಿತಾರ್ಥ ಗೊತ್ತಾಗಿತ್ತು. ಗಂಡಿನ ಕಡೆಯವರು ಫ್ರೇಜರ್ ಟೌನಿನವರು, ಅನುಕೂಲಸ್ಥರು. ಆ ಮನೆಯಲ್ಲಿ ಎಲ್ಲರೂ ಹೆದರುವುದು ಹುಡುಗನ ಅಜ್ಜಿಗೆ. ದಾದಿಮಾ ಒಂದು ಮನೆಯ ಊಟ ಮಾಡಿ 'ಠೀಕ್ ಹೈ' ಎಂದರೆ ಮುಗಿಯಿತು, ಆ ಮನೆ ಪಾಸು. ಸುಮ್ಮನೆ ಕೈ ತೊಳೆದರೆ ಅದೂ ಮುಗಿಯಿತು. ಹುಡುಗನ ಅಣ್ಣನಿಗೆ ನೋಡಿದ್ದ ಎರಡು ಸಂಬಂಧಗಳು ಬರೀ ಕೈ ತೊಳೆಯುವುದರಲ್ಲೇ ಮುರಿದುಬಿದ್ದಿದ್ದವಂತೆ. ಫರ್ಜಾನಾಳಿಗೆ ನಿದ್ದೆ ಇರಲಿಲ್ಲ.

"ಬಿರಿಯಾನಿ ಶಿವಾಜಿನಗರದ ಚಾಂದ್ ಭಾಯ್ ಮಾಡ್ತಾರೆ ಅಕ್ಕಾ, ಅದು ಸರಿ. ಆದ್ರೆ ದಾದಿಮಾ ಮೈಸೂರಲ್ಲಿ ಬೆಳೆದೋರು. ಊಟ ಆದ್ಮೇಲೆ ಫಿಲ್ಟರ್ ಕಾಫೀನೇ ಬೇಕಂತೆ. ಅವರ ಮನೇಲಿ ಎಲ್ಲಾ ಟೀ ಕುಡಿಯೋರು. ನಾನು ನಿಮ್ಮ ಹೆಸರು ಹೇಳ್ಬಿಟ್ಟಿದ್ದೀನಿ."

"ನೀನು ಟೆನ್ಷನ್ ಮಾಡ್ಕೋಬೇಡ. ಕಾಫಿಯೊಂದೇ ಅಲ್ಲ, ಅವತ್ತು ದಾದಿಮಾಗೆ ಇನ್ನೊಂದು ಫಿಲ್ಟರನ್ನೂ ತೋರಿಸ್ತೀನಿ!" ಎಂದು ಅವಳ ಕೈ ಹಿಡಿದೆ. ಈಗ ಯೋಚಿಸಿದರೆ, ಅವಳು ಆಗಲೇ ಕೈ ಬಿಡಿಸಿಕೊಂಡು ಓಡಬೇಕಿತ್ತು.

ಬುಟ್ಟಿಗಾಗಿ ಹುಡುಕಾಟ ಶುರುವಾಯಿತು. ಶಿವಾಜಿನಗರದ ಗುಜರಿ ಅಂಗಡಿಗಳ ಸಾಲಿನಲ್ಲಿ ಅಲೆಯುತ್ತಿದ್ದಾಗ ಹಳೇ ವಾಷಿಂಗ್ ಮೆಷಿನ್ನಿನ ಒಳಗಿನ ಡ್ರಮ್ಮು ಕಣ್ಣಿಗೆ ಬಿತ್ತು. ಸ್ಟೀಲಿನದು, ಫಳಫಳ ಹೊಳೆಯುವುದು, ಸುತ್ತಲೂ ಸಣ್ಣ ಸಣ್ಣ ತೂತು. ನನಗೆ ರೋಮಾಂಚನವಾಯಿತು. ದೇವರು ಕಾಫಿ ಕುಡಿಯುವುದಾದರೆ ಅವನ ಮನೆಯ ಫಿಲ್ಟರ್ ಇಷ್ಟೇ ದೊಡ್ಡದಿರಬೇಕು! ಅದನ್ನು ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದೆ. ಸಿಗ್ನಲ್ಲಿನಲ್ಲಿ ಜನ ನೋಡಿದರು. ನೋಡಲಿ ಎಂದು ಇನ್ನೂ ಸ್ವಲ್ಪ ಮೇಲಕ್ಕೆತ್ತಿ ಹಿಡಿದೆ.

ನಮ್ಮ ಬೀದಿಯ ತುದಿಯಲ್ಲಿ ಆರ್ಮುಗಂನ ಸ್ಕೂಟರ್ ರಿಪೇರಿ ಅಂಗಡಿಯಿದೆ. ಕೆರೆಯ ಮೇಲಿನ ಆ ಎಣ್ಣೆಬಣ್ಣದಲ್ಲಿ ಅವನ ಪಾಲು ಎಷ್ಟಿತ್ತೋ! ಅದಕ್ಕೇ ನಾನು ಕೇಳಿದ ತಕ್ಷಣ ತಪ್ಪಿತಸ್ಥನಂತೆ ಒಪ್ಪಿಕೊಂಡ. ಡ್ರಮ್ಮಿನ ಬಾಯಿಗೆ ಕಬ್ಬಿಣದ ಬಳೆ ವೆಲ್ಡ್ ಮಾಡಿ, ಮೋರಿ ಗುಂಡಿಯ ಅಂಚಿಗೆ ಬಿಗಿಯಾಗಿ ಕೂರುವ ಹಾಗೆ ಮಾಡಿಕೊಟ್ಟ.

"ಅಮ್ಮಾ, ಸೈಡಲ್ಲಿ ಸ್ವಲ್ಪ ಗ್ಯಾಪ್ ಬಿಡ್ಲಾ? ನೀರು ಜಾಸ್ತಿ ಬಂದ್ರೆ ಹೋಗೋಕೆ?"

"ಗ್ಯಾಪಾ? ಗ್ಯಾಪಲ್ಲಿ ಕೊಳೆನೀರು ಹೋಗತ್ತೆ. ಬೇಡ."

"ಎತ್ತೋಕೆ ಎರಡು ಹಿಡಿ ಆದ್ರೂ ಹಾಕ್ತೀನಿ."

"ಎತ್ತೋದು ಯಾಕಪ್ಪಾ? ಇದು ಶಾಶ್ವತ ಯೋಜನೆ!"

ಆರ್ಮುಗಂ ತಲೆ ಕೆರೆದುಕೊಂಡು "ಸರಿ ಅಮ್ಮಾ" ಎಂದ.

ನಮ್ಮ ಬೀದಿ ಇಳಿಜಾರು. ಮೇಲಿನ ತುದಿಯ ನೀರೆಲ್ಲ ಹರಿದು ಬಂದು ಫರ್ಜಾನಾಳ ಮನೆ ಮುಂದಿನ ಮೋರಿ ಬಾಯಿಗೇ ಬೀಳಬೇಕು. ಮೊದಲು ಇನ್ನೊಂದು ಬಾಯಿಯಿತ್ತು, ರಸ್ತೆಗೆ ಟಾರು ಹಾಕುವಾಗ ಅದು ಟಾರಿನ ಕೆಳಗೆ ಸೇರಿಹೋಯಿತು. ಆದ್ದರಿಂದ ಒಂದೇ ಫಿಲ್ಟರಿನಲ್ಲಿ ಇಡೀ ಬೀದಿ ಶುದ್ಧ! ಡ್ರಮ್ಮಿನ ತಳಕ್ಕೆ ಸೊಳ್ಳೆಪರದೆ, ಅದರ ಮೇಲೆ ಜಲ್ಲಿ, ಮರಳು, ಪುಡಿ ಮಾಡಿದ ಇದ್ದಿಲು, ಕೊನೆಗೆ ತೆಂಗಿನ ನಾರು. ಇದ್ದಿಲಿನ ಮೂಟೆ ಅರ್ಧ ಉಳಿಯಿತು, ನಮ್ಮ ಜಗಲಿಯ ಮೂಲೆಯಲ್ಲಿ ಇಟ್ಟೆ. ಆಮೇಲೆ ಅಟ್ಟದಿಂದ ನಮ್ಮ ಅತ್ತೆಯವರ ಕಾಲದ ಒನಕೆ ಇಳಿಸಿದೆ.

ಯಜಮಾನರು ಗೇಟಿನ ಹತ್ತಿರ ಬಂದು ನಿಂತರು. "ಒನಕೆ ಯಾಕೆ?"

"ಒತ್ತಬೇಡ್ವಾ?"

ಒತ್ತಿದೆ. ಕುಟ್ಟಿದೆ. ಸೆರಗು ಸಿಕ್ಕಿಸಿಕೊಂಡು ಮೇಲೆ ಹತ್ತಿನಿಂತು ತುಳಿದೆ. ಫರ್ಜಾನಾ ನನ್ನ ಕೈ ಹಿಡಿದುಕೊಂಡಳು, ಅವಳ ಭಾರವೂ ಸ್ವಲ್ಪ ಬಿತ್ತು. ಇಬ್ಬರದೂ ಸೇರಿ ಒಳ್ಳೆಯ ಭಾರವೇ. ಕೊನೆಗೆ ಡ್ರಮ್ಮಿನೊಳಗೆ ಬೆರಳು ಚುಚ್ಚಿ ನೋಡಿದರೆ ಸಿಮೆಂಟು ಒಣಗಿದ ಹಾಗಿತ್ತು. ಇದಲ್ಲವೇ ಒತ್ತುವುದೆಂದರೆ ಎಂದುಕೊಂಡೆ.

ಪರೀಕ್ಷೆಗೆ ಆರ್ಮುಗಂ ಒಂದು ಬಕೆಟ್ ನೀರಿಗೆ ಹಳೇ ಇಂಜಿನ್ ಆಯಿಲ್, ಮಣ್ಣು, ಬೀಡಿ ತುಂಡು ಎಲ್ಲ ಬೆರೆಸಿ ತಂದು ಸುರಿದ. ಎಲ್ಲರೂ ಬಗ್ಗಿ ಪಕ್ಕದ ಚಪ್ಪಡಿಯ ಸಣ್ಣ ಬಿರುಕಿನಿಂದ ಮೋರಿಯೊಳಗೆ ಟಾರ್ಚು ಬಿಟ್ಟೆವು. ಕಾದೆವು. ಇನ್ನೂ ಕಾದೆವು. ಡ್ರಮ್ಮಿನ ತಳದಲ್ಲಿ ಒಂದು ತೊಟ್ಟು ಮೂಡಿತು, ದಪ್ಪಗಾಯಿತು, ಬಿತ್ತು. ತಿಳಿಯಾಗಿತ್ತು! ಕಣ್ಣೀರಿನಷ್ಟು ತಿಳಿ! ನಾನು ಚಪ್ಪಾಳೆ ತಟ್ಟಿದೆ, ಫರ್ಜಾನಾ "ಮಾಶಾ ಅಲ್ಲಾ" ಎಂದಳು, ಆರ್ಮುಗಂ ವಿಸಿಲು ಹೊಡೆದ. ಮೇಲಿನ ಮನೆಯವರು ಬಾಲ್ಕನಿಯಿಂದ ಏನಾಯಿತೆಂದು ಕೇಳಿದರೆ, "ಬೀದಿ ಶುದ್ಧವಾಯ್ತು!" ಎಂದು ಕೂಗಿ ಹೇಳಿದೆ.

ಯಜಮಾನರು ಮಾತ್ರ ಜಗಲಿಯಿಂದ ಹೇಳಿದರು. "ಆ ಒಂದು ಬಕೆಟ್ ಇಳಿಯೋ ಹೊತ್ತಿಗೆ ನಾನು ಪೇಪರ್ ಪೂರ್ತಿ ಓದಿದೆ. ಟೆಂಡರ್ ಜಾಹೀರಾತು ಸಮೇತ."

ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ನಿಧಾನವಾಗಿ ಇಳಿದಷ್ಟೂ ಡಿಕಾಕ್ಷನ್ ಗಟ್ಟಿಯಲ್ಲವೇ?

ನಿಶ್ಚಿತಾರ್ಥದ ಭಾನುವಾರ ಬಂತು. ಬೀದಿಯ ಕೆಳತುದಿಗೆ ಅಡ್ಡಲಾಗಿ ಶಾಮಿಯಾನ ಹಾಕಿದರು. ಕುರ್ಚಿಗಳು, ಚೆಂಡುಹೂವಿನ ಸರ, ಬಣ್ಣದ ಲೈಟು. ಫರ್ಜಾನಾಳ ಮನೆ ಪಕ್ಕದಲ್ಲಿ ಇಟ್ಟಿಗೆ ಒಲೆ ಹೂಡಿ ಚಾಂದ್ ಭಾಯ್ ಬೆಳಿಗ್ಗೆಯೇ ಕೆಲಸ ಶುರುಮಾಡಿದ್ದರು. ಆಳೆತ್ತರದ ಮನುಷ್ಯ, ಅದಕ್ಕೆ ತಕ್ಕ ಗಂಟಲು. ತಾಮ್ರದ ಹಂಡೆಯೋ, ಅದರಲ್ಲಿ ನಾನು ಕೂತರೂ ಕಾಣಿಸುವುದಿಲ್ಲ. ಅವರ ಕಡೆಯವರು ಅಕ್ಕಿ ಅರೆಬೇಯಿಸಿ, ಬಿಸಿ ಗಂಜಿ ಬಸಿದು, ಎಲ್ಲಿ ಚೆಲ್ಲುವುದೆಂದು ಅತ್ತಿತ್ತ ನೋಡುತ್ತಿದ್ದರು.

ನಾನು ಓಡಿಹೋದೆ. "ಇಲ್ಲೇ ಸುರೀರಿ! ಈ ಮೋರಿಗೇ ಸುರೀರಿ! ಈರುಳ್ಳಿ ಸಿಪ್ಪೆ, ಪುದೀನ ಕಡ್ಡಿ, ಏನಿದ್ರೂ ಹಾಕಿ. ನಮ್ಮ ಫಿಲ್ಟರ್ ನೋಡ್ಕೊಳತ್ತೆ!"

ಸುರಿದರು. ಕೊಪ್ಪರಿಗೆ ಕೊಪ್ಪರಿಗೆ ಗಂಜಿ ಸುರಿದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ ಹೇಗೆ ನಿಲ್ಲುತ್ತದೆಂದು ಗೊತ್ತಿರುವ ಹೆಂಗಸು ನಾನು. ಅದೇ ಗಂಜಿ ಮರಳಿಗೆ ಏನು ಮಾಡುತ್ತದೆಂದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಅಲ್ಲಿಂದ ಮನೆಗೆ ಓಡಿ ದಾದಿಮಾಗಾಗಿ ದೊಡ್ಡ ಕಾಫಿ ಫಿಲ್ಟರಿಗೆ ಪುಡಿ ಹಾಕಿದೆ. ಅಂದಿನ ಉತ್ಸಾಹವೆಲ್ಲ ತೋಳಿಗೆ ಬಂದಿತ್ತು. ಒತ್ತಿದೆ. ಕುದಿಯುವ ನೀರು ಸುರಿದು, ಮುಚ್ಚಳ ಮುಚ್ಚಿ, ಮತ್ತೆ ಬೀದಿಗೆ ಬಂದೆ.

ಅಷ್ಟರಲ್ಲಿ ಚಾಂದ್ ಭಾಯ್ ಹಂಡೆಯ ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಮೇಲೆ ಕೆಂಡ ಹರಡಿ, ಕೆಳಗೆ ಉರಿ ತಗ್ಗಿಸಿ ದಮ್ಮಿಗೆ ಇಟ್ಟಿದ್ದರು. "ಇನ್ನು ಮುಚ್ಚಳ ಯಾರೂ ಮುಟ್ಟಬಾರ್ದು. ಮದುಮಗನ ಅಪ್ಪ ಬಂದ್ರೂ ಅಷ್ಟೇ. ಈಗ ಕೆಂಡ ಆರಿದ್ರೆ ಅಕ್ಕಿ ಹಸಿ, ಮಾಂಸ ಹಸಿ, ನನ್ನ ಹೆಸರು ಮಣ್ಣು!" ಎಂದು ಬೀದಿಗೆಲ್ಲ ಕೇಳುವಂತೆ ಘೋಷಿಸಿದರು. ಫರ್ಜಾನಾ ಆ ಹಂಡೆಯನ್ನು ತನ್ನ ಮಗಳ ಹಣೆಬರಹವೇ ಅದರೊಳಗೆ ಬೇಯುತ್ತಿರುವ ಹಾಗೆ ನೋಡುತ್ತಿದ್ದಳು. ನಿಜವಾಗಿಯೂ ಅಲ್ಲೇ ಬೇಯುತ್ತಿತ್ತು.

ಆಗ ಯಜಮಾನರು ಆಕಾಶ ನೋಡಿದರು. "ಮಳೆ ಬರೋ ಹಾಗಿದೆ."

ಕೆ.ಆರ್. ಪುರದ ಕಡೆಯಿಂದ ಮೋಡ ಕಪ್ಪಗೆ ಎದ್ದು ಬರುತ್ತಿತ್ತು. ಎಲ್ಲರ ಮುಖವೂ ಬಾಡಿತು. ನನ್ನದು ಮಾತ್ರ ಅರಳಿತು! ಮಳೆಯಿಲ್ಲದೆ ಫಿಲ್ಟರ್ ಉದ್ಘಾಟನೆ ಹೇಗಾಗಬೇಕು? ದಾದಿಮಾ ಕಾರಿನಿಂದ ಇಳಿಯುವ ಹೊತ್ತಿಗೆ ಸರಿಯಾಗಿ ಮಳೆ, ಕೊಳೆನೀರು ಒಳಗೆ, ತಿಳಿನೀರು ಹೊರಗೆ. "ಬರಲಿ ಬಿಡ್ರೀ! ಶಾಮಿಯಾನ ಇದೆ, ಫಿಲ್ಟರ್ ಇದೆ, ಹೆದರಿಕೆ ಯಾಕೆ!" ಎಂದೆ.

ಮಳೆ ನನ್ನ ಮಾತು ಕೇಳಿಸಿಕೊಂಡಿರಬೇಕು. ಧೋ ಎಂದು ಬಂತು.

ಮೇಲಿನ ತುದಿಯಿಂದ ನೀರು ಇಳಿದು ಬರುವುದನ್ನು ಶಾಮಿಯಾನದ ಕೆಳಗೆ ನಿಂತು ಹೆಮ್ಮೆಯಿಂದ ನೋಡಿದೆ. ಹೂವಿನ ಎಸಳು, ಕಾಗದದ ಲೋಟ, ಈರುಳ್ಳಿ ಸಿಪ್ಪೆ, ಆರ್ಮುಗಂನ ಎಣ್ಣೆ, ಎಲ್ಲ ಸಾಲಾಗಿ ಮೋರಿ ಬಾಯಿಯ ಕಡೆಗೆ ಬಂದವು. ಬಂದು ನಿಂತವು. ಹಿಂದಿನಿಂದ ಬಂದ ನೀರೂ ನಿಂತಿತು. ಸ್ವಲ್ಪ ಹೊತ್ತಿಗೆ ನನ್ನ ಚಪ್ಪಲಿ ತಣ್ಣಗಾಯಿತು. ಆಮೇಲೆ ಕಾಲುಗೆಜ್ಜೆ ತಣ್ಣಗಾಯಿತು.

"ಅಕ್ಕಾ, ನೀರು ಇಳೀತಿಲ್ಲ!" ಎಂದಳು ಫರ್ಜಾನಾ.

"ಇಳೀತಿದೆ, ಇಳೀತಿದೆ. ತೊಟ್ಟು ತೊಟ್ಟಾಗಿ!"

ನೀರು ಒಲೆಯ ಮೊದಲನೇ ಇಟ್ಟಿಗೆ ಮುಟ್ಟಿತು. ಪ್ಲಾಸ್ಟಿಕ್ ಕುರ್ಚಿಗಳು ಒಂದೊಂದಾಗಿ ಎದ್ದು ತೇಲಿದವು. ಒಳಗಿನಿಂದ ಮೆಹೆಂದಿ ಹಚ್ಚಿಕೊಂಡ ರೇಷ್ಮಾ ಮಂಚದ ಮೇಲೆ ನಿಂತು, "ಗಿರಿಜಾ ಆಂಟೀ, ನೀರು ಹೊಸ್ತಿಲಿಗೆ ಬಂತು! ನನ್ನ ಲೆಹೆಂಗಾ!" ಎಂದು ಕಿರುಚಿದಳು. ಚಾಂದ್ ಭಾಯ್ ಎರಡೂ ಕೈ ಮೇಲೆತ್ತಿ, "ದಮ್ ಮೇಲಿದೆ! ಹಂಡೆ ದಮ್ ಮೇಲಿದೆ!" ಎಂದು ಗುಡುಗಿಗಿಂತ ಜೋರಾಗಿ ಕೂಗುತ್ತಿದ್ದರು. ಫರ್ಜಾನಾಳ ಗಂಡ ಇಕ್ಬಾಲ್ ಭಾಯ್ ಫೋನು ಕಿವಿಗಿಟ್ಟುಕೊಂಡು, "ಹೊರಟ್ರಾ? ಈಗ್ಲೇ ಹೊರಟ್ಬಿಟ್ರಾ? ನಿಧಾನಕ್ಕೆ ಬನ್ನಿ, ಏನೂ ಅರ್ಜೆಂಟಿಲ್ಲ!" ಎನ್ನುತ್ತಿದ್ದರು.

ನಾನು ಡ್ರಮ್ಮು ಎತ್ತಲು ಹೋದೆ. ಹಿಡಿ ಇರಲಿಲ್ಲ. ಶಾಶ್ವತ ಯೋಜನೆ! ಇಬ್ಬರು ಗಂಡಸರು ಕೈಹಾಕಿದರೂ ಅಲುಗಲಿಲ್ಲ. ಒನಕೆ ನೆನಪಾಯಿತು. ಮನೆಗೆ ಓಡಿ ತಂದು, ಮಧ್ಯದಲ್ಲಿ ಒಂದು ತೂತು ಮಾಡಿದರೆ ನೀರು ಹೋದೀತೆಂದು, ಮೈಮೇಲೆ ದೇವರು ಬಂದವಳಂತೆ ಎತ್ತಿ ಒಂದು ಹೊಡೆದೆ. ಒನಕೆ ಒಳಗೆ ಹೋಯಿತು. ಹೊರಗೆ ಬರಲಿಲ್ಲ. ಗಂಜಿ ಕುಡಿದ ಮರಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಈಗ ಕೆರೆಯಂತಾಗಿದ್ದ ಬೀದಿಯ ನಡುವೆ ನಮ್ಮ ಅತ್ತೆಯವರ ಒನಕೆ ಧ್ವಜಸ್ತಂಭದಂತೆ ನಿಂತಿತು.

ಕೊಡೆ ಹಿಡಿದ ಯಜಮಾನರು ಪಂಚೆ ಎತ್ತಿಕೊಂಡು ಪಕ್ಕಕ್ಕೆ ಬಂದರು. "ಗಿರಿಜಾ, ಡಿಕಾಕ್ಷನ್ ಇಳೀತಾ?"

ಆ ಹೊತ್ತಿನಲ್ಲಿ ಕೈಯಲ್ಲಿ ಒನಕೆ ಇರಲಿಲ್ಲ, ಅವರ ಪುಣ್ಯ.

ನೀರು ಎರಡನೇ ಇಟ್ಟಿಗೆಗೆ ಬಂತು. ಒಲೆಯ ಅಂಚಿನ ಕೆಂಡ ಚುಂಯ್ ಎಂದಿತು. ಫರ್ಜಾನಾ ಅಳತೊಡಗಿದಳು. ಇಷ್ಟು ವರ್ಷದಲ್ಲಿ ಅವಳು ಅಳುವುದನ್ನು ನಾನು ನೋಡಿದ್ದೇ ಅಪರೂಪ. ನನ್ನ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ನನ್ನ ಬದಲು ಅವಳೇ ಅತ್ತಿದ್ದಳು. ನಾಚಿಕೆಪಡಲೂ ಸಮಯವಿರಲಿಲ್ಲ.

"ಹಂಡೆ ನಮ್ಮ ಜಗಲಿಗೆ!" ಎಂದು ಕೂಗಿದೆ. "ಎತ್ತಿ! ನಮ್ಮ ಮನೆ ಎತ್ತರದಲ್ಲಿದೆ!"

"ಎತ್ತಿದ್ರೆ ಕೆಳಗಿನ ಉರಿ?" ಚಾಂದ್ ಭಾಯ್ ಕಣ್ಣು ಕೆಂಪಾಗಿತ್ತು. "ನನ್ನ ಸೌದೆಯೆಲ್ಲ ನೀರಲ್ಲಿದೆ. ಒಣಗಿದ್ದು ಒಂದು ಕಡ್ಡಿ ಇಲ್ಲ. ಕೆಂಡ ಎಲ್ಲಿಂದ ತರ್ಲಿ?"

ಅಷ್ಟರಲ್ಲಿ ನನಗೆ ಹೊಳೆಯಿತು. "ಇದ್ದಿಲು! ಭಾಯ್, ನಮ್ಮ ಜಗಲೀಲಿ ಅರ್ಧ ಮೂಟೆ ಇದ್ದಿಲಿದೆ! ಫಿಲ್ಟರಿಗೆ ಹಾಕಿ ಉಳಿದದ್ದು! ಒಣಗಿದೆ!"

ಆ ಮನುಷ್ಯ ನನ್ನನ್ನು ನೋಡಿದ ನೋಟದಲ್ಲಿ ಮೊದಲ ಬಾರಿಗೆ ಸ್ವಲ್ಪ ಮರ್ಯಾದೆ ಕಂಡಿತು. ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆರ್ಮುಗಂ ತಗಡಿನ ಟ್ರೇ ತಂದ. ಯಜಮಾನರು ಕೊಡೆ ಎಸೆದು, ಪಂಚೆ ಕಟ್ಟಿ, ಮೂಟೆ ಸುರಿದು ಸೀಮೆಎಣ್ಣೆ ಇಲ್ಲದೆಯೇ ಕೊಬ್ಬರಿ ಚಿಪ್ಪಿನಲ್ಲಿ ಬೆಂಕಿ ಹೊತ್ತಿಸಿ ಬೀಸಣಿಗೆಯಿಂದ ಬೀಸಿದರು. ನಿಂತ ಬಸ್ಸನ್ನು ಸ್ಟಾರ್ಟ್ ಮಾಡುವ ಗಾಂಭೀರ್ಯ! ಹಂಡೆಯ ಬಳೆಗಳಿಗೆ ಶಾಮಿಯಾನದ ಬಿದಿರು ತೂರಿಸಿ, ಮುಂದೆ ಇಬ್ಬರು ಹಿಂದೆ ಇಬ್ಬರು ಹೆಗಲು ಕೊಟ್ಟರು. ಮೀನಖಂಡದವರೆಗಿನ ನೀರಿನಲ್ಲಿ ಬಿರಿಯಾನಿ ಪಲ್ಲಕ್ಕಿಯಂತೆ ಹೊರಟಿತು. ಮುಂದೆ ಚಾಂದ್ ಭಾಯ್ ಹಿಮ್ಮುಖವಾಗಿ ನಡೆಯುತ್ತ, "ಮೆಲ್ಲಗೆ! ಅಲ್ಲಾಡಿಸ್ಬೇಡಿ! ಮಲಗಿರೋ ಮಗು ಅಂತ ತಿಳ್ಕೊಳ್ಳಿ!" ಎಂದು ಗದ್ಗದಿತರಾಗುತ್ತಿದ್ದರು. ನಾನು ಮುಚ್ಚಳದ ಮೇಲಿನ ಕೆಂಡಕ್ಕೆ ಹನಿ ಬೀಳದಂತೆ ನನ್ನ ಮನೆಯ ದೊಡ್ಡ ಹಪ್ಪಳದ ತಟ್ಟೆ ಹಿಡಿದು ಪಕ್ಕದಲ್ಲಿ ಓಡಿದೆ. ಮೆಟ್ಟಿಲು ಹತ್ತುವಾಗ ಇಡೀ ಬೀದಿ ಉಸಿರು ಬಿಗಿಹಿಡಿಯಿತು. ಹಂಡೆ ಕೆಂಡದ ಮೇಲೆ ಕೂತಿತು. ಹಿಟ್ಟಿನ ಮೊಹರು ಒಡೆದಿರಲಿಲ್ಲ! ನಾವೆಲ್ಲ ಕುಣಿದೆವು.

ಇತ್ತ ಆರ್ಮುಗಂ ಲಗೇಜ್ ಆಟೋ ತಂದು, ಡ್ರಮ್ಮಿನ ಬಳೆಗೆ ಸರಪಳಿ ಕೊಂಡಿ ಸಿಕ್ಕಿಸಿ ಎಳೆಸಿದ. ಆಟೋ ಮೂರೂ ಚಕ್ರದಲ್ಲಿ ಗೋಳಾಡಿತು. ಆಮೇಲೆ ಪ್ಳಕ್! ಡ್ರಮ್ಮು ಒನಕೆ ಸಮೇತ ಹೊರಗೆ ಬಂದು ರಸ್ತೆಯ ಮೇಲೆ ಉರುಳಿತು. ಬೀದಿಯ ನೀರು ಗಿರಗಿರ ಸುಳಿ ಸುತ್ತಿ ಮೋರಿಯೊಳಗೆ ನುಗ್ಗಿತು. ಜನ ಹೋ ಎಂದರು. ನನಗೆ ಮಾತ್ರ ಕೂಗಲಾಗಲಿಲ್ಲ. ಹಿಡಿದಿಟ್ಟ ಎಣ್ಣೆ, ಸಿಪ್ಪೆ, ಕಾಗದದ ಲೋಟ, ಇಕ್ಬಾಲ್ ಭಾಯ್ ಅವರ ಹೊಸ ಚಪ್ಪಲಿಯ ಎಡಗಾಲು, ಎಲ್ಲವೂ ನನ್ನ ಕಣ್ಣೆದುರೇ ಒಂದೇ ಗುಟುಕಿಗೆ ಕೆರೆಗೆ ಹೊರಟವು. ಬೀದಿ ಎಷ್ಟೋ ದಿನದಲ್ಲಿ ಕಳಿಸುತ್ತಿದ್ದ ಕೊಳೆಯನ್ನು ನಾನು ಒಂದೇ ಸಲಕ್ಕೆ ಪಾರ್ಸೆಲ್ ಮಾಡಿದ್ದೆ. ಆ ಕೊಕ್ಕರೆಗೆ ಯಾವ ಮುಖ ತೋರಿಸಲಿ?

ಈಗ ಅಲ್ಲಿ ಬರೀ ಒಂದು ತಂತಿ ಬುಟ್ಟಿಯಿದೆ. ಮೇಲೆ ಪಕ್ಕದಲ್ಲಿ ನೀರು ಹೊರಳಿ ಹೋಗಲು ದಾರಿಯಿದೆ, ಎತ್ತಲು ಎರಡು ಹಿಡಿಯಿವೆ. ಕವರು, ಎಲೆ ಅದರಲ್ಲಿ ನಿಲ್ಲುತ್ತವೆ, ವಾರಕ್ಕೊಮ್ಮೆ ನಾನೂ ಫರ್ಜಾನಾಳೂ ಎತ್ತಿ ಕೊಡವುತ್ತೇವೆ. ಆರ್ಮುಗಂ ಹಳೇ ಆಯಿಲನ್ನು ಡಬ್ಬಿಯಲ್ಲಿ ಹಿಡಿದಿಡುತ್ತಾನೆ. ವಿಡಿಯೋದ ಉಳಿದರ್ಧದಲ್ಲಿ ಇದ್ದದ್ದು ಇದೇ: ನೀರು ಹೆಚ್ಚಾದರೆ ಹೋಗಲು ದಾರಿ ಬಿಡಿ, ಯಾವುದನ್ನೂ ಒತ್ತಿ ತುಂಬಬೇಡಿ. ಕಾಫಿಗೆ ನೀರು ಹಾಕುವವಳು ನಾನು, ಬೇಕಾದಷ್ಟೇ ಹಾಕುತ್ತೇನೆ. ಬೀದಿಗೆ ನೀರು ಹಾಕುವವನು ಮೇಲಿದ್ದಾನೆ, ಅವನು ನನ್ನನ್ನು ಕೇಳುವುದಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಆ ದಿನದ ಅವಮಾನ ಇನ್ನೂ ಮುಗಿದಿರಲಿಲ್ಲ.

ಮಳೆ ನಿಂತ ಮೇಲೆ ಗಂಡಿನ ಕಡೆಯವರು ಬಂದರು. ಗಂಡಸರ ಪ್ಯಾಂಟು ಮೊಣಕಾಲಿಗೆ ಮಡಚಿತ್ತು. ದಾದಿಮಾರನ್ನು ಕುರ್ಚಿ ಸಮೇತ ಎತ್ತಿಕೊಂಡು ಬಂದು ನೇರ ನಮ್ಮ ಜಗಲಿಯಲ್ಲೇ ಇಳಿಸಿದರು, ಹಂಡೆ ಇದ್ದದ್ದು ಅಲ್ಲೇ ತಾನೇ. ಸಣ್ಣ ಹೆಂಗಸು, ಚೂಪು ಕಣ್ಣು. ರಸ್ತೆಯಲ್ಲಿ ಬಿದ್ದಿದ್ದ ಡ್ರಮ್ಮನ್ನೂ ಅದರಲ್ಲಿ ನೆಟ್ಟಿದ್ದ ಒನಕೆಯನ್ನೂ ಬಹಳ ಹೊತ್ತು ನೋಡಿದರು.

"ಅದೇನಮ್ಮಾ?"

ಫರ್ಜಾನಾ ತಡಮಾಡದೆ, "ಏನೋ ಹಳೇ ಸಾಮಾನು ದಾದಿಮಾ, ಮಳೇಲಿ ತೇಲ್ಕೊಂಡು ಬಂದಿದೆ" ಎಂದಳು. ಒಳ್ಳೆಯ ಗೆಳತಿ ಎಂದು ಮೊದಲೇ ಹೇಳಿದ್ದೇನೆ.

ಆದರೆ ಆರ್ಮುಗಂಗೆ ತನ್ನ ವೆಲ್ಡಿಂಗಿನ ಮೇಲೆ ಅಭಿಮಾನ. "ಇಲ್ಲ ದಾದಿಮಾ, ಅದು ನಮ್ಮ ಗಿರಿಜಮ್ಮ ಮಾಡಿದ ಫಿಲ್ಟರು! ಕಾಫಿ ಫಿಲ್ಟರ್ ತರಾನೇ! ಅದಕ್ಕೇ ನೀರು ನಿಂತಿದ್ದು!" ಎಂದ.

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು.

ಚಾಂದ್ ಭಾಯ್ ಹಿಟ್ಟು ಒಡೆದು ಮುಚ್ಚಳ ತೆಗೆದರು. ಆ ಘಮ ಬೀದಿಯ ಮೇಲಿನ ತುದಿಯವರೆಗೂ ಹೋಗಿರಬೇಕು. ಅಕ್ಕಿ ಒಂದೊಂದು ಕಾಳೂ ಬಿಡಿಬಿಡಿಯಾಗಿ ನಿಂತಿತ್ತು. ದಾದಿಮಾ ಉಂಡರು. ಮತ್ತೆ ಬಡಿಸಿಕೊಂಡರು. ಫರ್ಜಾನಾ ನನ್ನ ಕೈಯನ್ನು ನೋಯುವಷ್ಟು ಹಿಡಿದಿದ್ದಳು. ದಾದಿಮಾ ಕೈ ತೊಳೆದು, ರೇಷ್ಮಾಳನ್ನು ಹತ್ತಿರ ಕರೆದು ಕೆನ್ನೆ ಸವರಿ, "ಠೀಕ್ ಹೈ" ಎಂದರು.

ಫರ್ಜಾನಾ ನನ್ನನ್ನು ತಬ್ಬಿಕೊಂಡು ಮತ್ತೆ ಅತ್ತಳು. ನಾನೂ ಅತ್ತೆ. ಆ ಸಂತೋಷದಲ್ಲಿ ಹೋಗಿದ್ದ ಧೈರ್ಯವೆಲ್ಲ ನನಗೆ ವಾಪಸ್ ಬಂತು. ಮೋರಿ ಕೈಕೊಟ್ಟರೇನು, ಕಾಫಿ ಇಲ್ಲವೇ!

"ದಾದಿಮಾ, ಈಗ ನಮ್ಮ ಮನೆ ಫಿಲ್ಟರ್ ಕಾಫಿ!" ಎಂದು ಘೋಷಿಸಿದೆ.

ಚಾಂದ್ ಭಾಯ್ ಹಂಡೆಯ ಕಡೆ ತಿರುಗಿಕೊಂಡರು. ಇಕ್ಬಾಲ್ ಭಾಯ್ ತಮ್ಮ ಬರಿಗಾಲು ನೋಡಿಕೊಂಡರು. ದಾದಿಮಾ ರಸ್ತೆಯ ಮೇಲಿನ ಡ್ರಮ್ಮನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ಬಹಳ ಪ್ರೀತಿಯಿಂದ ಹೇಳಿದರು.

"ಬೇಟೀ, ನನಗೆ ಇವತ್ತು ಟೀ ಸಾಕು."

"ಛೇ ಛೇ, ಎಲ್ಲಾದ್ರೂ ಉಂಟೇ! ಬೆಳ್ಗೇನೇ ಹಾಕಿಟ್ಟಿದ್ದೀನಿ, ಐದೇ ನಿಮಿಷ!" ಎಂದು ಒಳಗೆ ಓಡಿದೆ. ಬೀದಿಯ ಡಿಕಾಕ್ಷನ್ ರಾಣಿಯ ಮಾನ ಈಗ ಆ ಒಂದು ಪಾತ್ರೆಯಲ್ಲಿತ್ತು. ಹಾಲು ಒಲೆಗಿಟ್ಟು, ಲೋಟ ಜೋಡಿಸಿ, ಫಿಲ್ಟರಿನ ಮೇಲಿನ ಪಾತ್ರೆ ಎತ್ತಿದೆ.

ಬೆಳಿಗ್ಗೆ ಸುರಿದ ನೀರು ಸುರಿದಷ್ಟೂ ಮೇಲೇ ನಿಂತಿತ್ತು. ತಣ್ಣಗಾಗಿತ್ತು. ಕೆಳಗಿನ ಪಾತ್ರೆ ತೊಳೆದಿಟ್ಟ ಹಾಗೆಯೇ ಫಳಫಳ ಹೊಳೆಯುತ್ತಿತ್ತು. ಒಂದು ತೊಟ್ಟು ಇಳಿದಿರಲಿಲ್ಲ.

ಅಡುಗೆಮನೆ ಬಾಗಿಲಲ್ಲಿ ಯಜಮಾನರು ನಿಂತಿದ್ದರು. ಮುಖಕ್ಕೆಲ್ಲ ಇದ್ದಿಲಿನ ಮಸಿ. ಫಿಲ್ಟರನ್ನು ನೋಡಿದರು, ನನ್ನನ್ನು ನೋಡಿದರು. ಏನೂ ಆಡಿಕೊಳ್ಳಲಿಲ್ಲ. ಆ ದಿನ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇರಲಿಲ್ಲ.

"ಗಿರಿಜಾ, ಟೀ ಪುಡಿ ಎಲ್ಲಿಟ್ಟಿದ್ದೀಯ?" ಎಂದರಷ್ಟೇ.

ಮನೆಯಲ್ಲಿ ಟೀ ಪುಡಿ ಇರಲಿಲ್ಲ. ಫರ್ಜಾನಾಳ ಮನೆಗೆ ಪಾತ್ರೆ ಹಿಡಿದುಕೊಂಡು ಹೋದೆ.